ನಾಲ್ಕನೇ ತರಗತಿಯ ಕಣಜ

ಜುಲೈ 6

ಅಮ್ಮನಿಗೆ,

ಇದು ಕಣಜದ ವಿಷಯಕ್ಕೆ ಮಾತ್ರ ಬರೆಯುತ್ತಿರುವ ಪತ್ರ. ಫೋನ್ ಮಾಡಿದರೆ ಮೂರನೇ ಮಾತಿಗೆ ನಾವಿಬ್ಬರೂ ಎಲ್ಲಿ ಹೋಗಿ ನಿಲ್ಲುತ್ತೇವೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅಜ್ಜಿ ತೀರಿಕೊಂಡ ಮೇಲೆ ಈ ಆರು ವರ್ಷ ನಿನ್ನನ್ನು ನಾನು ಏನೂ ಕೇಳಿಲ್ಲ. ಈಗ ಕೇಳಬೇಕಾಗಿದೆ. ಕೀಟ ಸಾಕುವ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ.

ನಮ್ಮ ನಾಲ್ಕನೇ ತರಗತಿಗೆ ಕೀಟಗಳ ಜೀವನಚಕ್ರದ ಪಾಠವಿದೆ. ಪುಸ್ತಕದಲ್ಲಿ ಚಿಟ್ಟೆಯ ನಾಲ್ಕು ಚಿತ್ರ, ನಡುವೆ ಬಾಣದ ಗುರುತು. ನಾನು ಬಾಣ ಎಳೆಯುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಆಗ ಕಿಟಕಿಯ ಪಕ್ಕ ಕೂರುವ ಹುಡುಗಿ ಎದ್ದು ನಿಂತಳು. ದನಿ ತೀರಾ ಸಣ್ಣ, ಅದಕ್ಕೇ ಎಲ್ಲರೂ ಅವಳನ್ನು ಪಿಟೀಲು ಅನ್ನುತ್ತಾರೆ. "ಮೇಡಂ, ಭೂಪಟದ ಹಿಂದೆ ಒಂದು ಹುಳ ಮನೆ ಕಟ್ತಾ ಇದೆ," ಅಂದಳು.

ನಿಜ. ಭೂಪಟ ಎತ್ತಿ ನೋಡಿದರೆ ಗೋಡೆಗೆ ಮಣ್ಣಿನ ಮುದ್ದೆ. ನೂಲಿನಂಥ ಸೊಂಟದ, ಹಳದಿ ಕಾಲಿನ ಕಪ್ಪು ಕಣಜ ಕಿಟಕಿಯಿಂದ ಮಣ್ಣಿನ ಉಂಡೆ ತಂದು ತಂದು ಮೆತ್ತುತ್ತಿತ್ತು. ಒಂದು ವಾರ ಪಾಠ ಬಿಟ್ಟು ಅದನ್ನೇ ನೋಡಿದೆವು. ಆರು ಕೋಣೆ ಕಟ್ಟಿತು, ಆರಕ್ಕೂ ಬಾಯಿ ಮುಚ್ಚಿತು, ಹೋಯಿತು.

ನಿನ್ನೆ ಊಟದ ಬಿಡುವಿನಲ್ಲಿ ಪಿಟೀಲು ಒಂದು ಕೋಣೆಯನ್ನು ಕೈವಾರದ ಮೊನೆಯಿಂದ ಒಡೆದಿದ್ದಾಳೆ. ಯಾಕೆ ಅಂದರೆ, "ಒಳಗೆ ಉಸಿರು ಕಟ್ಟುತ್ತೆ ಅಂತ." ಒಳಗಿದ್ದದ್ದು ಒಂಬತ್ತು ಜೇಡಗಳು ಮತ್ತು ಒಂದು ಹಳದಿ ಹುಳು. ಹುಳು ಒಂದು ಜೇಡದ ಹೊಟ್ಟೆಗೆ ಬಾಯಿ ಹಾಕಿತ್ತು. ಜೇಡದ ಕಾಲು ಇನ್ನೂ ಆಡುತ್ತಿತ್ತು. ಒಬ್ಬ ಹುಡುಗ ಅಲ್ಲೇ ವಾಂತಿ ಮಾಡಿದ.

ಹುಳು ಬದುಕುತ್ತದೆಯೇ? ಜೇಡಗಳು ಸತ್ತಿವೆಯೋ ಇಲ್ಲವೋ? ಇದನ್ನೆಲ್ಲ ಒಂಬತ್ತು ವರ್ಷದ ಮಕ್ಕಳಿಗೆ ಹೇಗೆ ಹೇಳುವುದು? ಬೇಗ ಬರೆ.

ಇತಿ,
ನಾಲ್ಕನೇ ತರಗತಿಯ ಶಿಕ್ಷಕಿ

*

ಜುಲೈ 11

ನಾಲ್ಕನೇ ತರಗತಿಯ ಶಿಕ್ಷಕಿಗೆ ಅಮ್ಮನ ಆಶೀರ್ವಾದ.

ಮೊದಲು ಕೆಲಸದ ಮಾತು. ದಪ್ಪ ಕಾಗದ ಸುತ್ತಿ ಕಿರುಬೆರಳಿನಷ್ಟು ಒಂದು ಕೊಳವೆ ಮಾಡು. ಹುಳುವನ್ನು ಕೈಯಲ್ಲಿ ಮುಟ್ಟದೆ, ಮೆತ್ತನೆಯ ಕುಂಚದಿಂದ ಅದರೊಳಗೆ ಜಾರಿಸು. ಜೇಡಗಳನ್ನೂ ಹಾಕು. ಎರಡೂ ಕಡೆ ಹತ್ತಿ ಇಟ್ಟು, ಕತ್ತಲಿರುವ ಕಪಾಟಿನಲ್ಲಿ ಮಲಗಿಸಿಡು. ದಿನಕ್ಕೆ ಒಮ್ಮೆ ನೋಡಿದರೆ ಸಾಕು. ಮಕ್ಕಳು ಗಳಿಗೆಗೊಮ್ಮೆ ಅಲ್ಲಾಡಿಸಿದರೆ ಸಾಯುತ್ತದೆ. ಅಲ್ಲಾಡಿಸದಿದ್ದರೂ ಸಾಯಬಹುದು. ನಾನಂತೂ ಮಾತು ಕೊಡಲಾರೆ.

ಜೇಡಗಳು ಸತ್ತಿಲ್ಲ. ತಾಯಿ ಕುಟುಕಿ ಮೈಯೆಲ್ಲ ಜೋಮು ಹಿಡಿಸಿ ತಂದಿರುತ್ತದೆ. ಸತ್ತದ್ದನ್ನು ತಂದರೆ ಎರಡು ದಿನಕ್ಕೆ ಕೊಳೆತು ನಾರುತ್ತದೆ, ಮರಿಗೆ ಬೇಕಾದದ್ದು ಎರಡು ಮೂರು ವಾರದ ತಾಜಾ ಊಟ. ಅದರ ಮನೆಯಲ್ಲಿ ಫ್ರಿಜ್ ಇಲ್ಲವಲ್ಲ. ಪ್ರತಿ ಕೋಣೆಗೂ ಒಂದೇ ಮೊಟ್ಟೆ. ಮೊಟ್ಟೆ ಒಡೆದು ಹುಳು, ಹುಳು ತಿಂದು ತಿಂದು ದುಂಡಗಾಗುತ್ತದೆ, ಆಮೇಲೆ ಈರುಳ್ಳಿ ಸಿಪ್ಪೆಯಂಥ ಕಂದು ಚೀಲ ನೇಯ್ದುಕೊಂಡು ಒಳಗೆ ಮಲಗುತ್ತದೆ. ಆ ಚೀಲದಲ್ಲಿ ಅದು ಮೊದಲು ಬೆಳ್ಳಗೆ, ಮೇಣದಲ್ಲಿ ಮಾಡಿದ ಕಣಜದ ಹಾಗೆ ಇರುತ್ತದೆ. ಮೊದಲು ಕಣ್ಣಿಗೆ ಬಣ್ಣ ಬರುತ್ತದೆ. ಮೈ ಕಪ್ಪಾಗುವುದು ಆಮೇಲೆ. ನಾನು ಅದನ್ನು ನೋಡುತ್ತ ಎಷ್ಟೋ ಸಲ ಊಟ ಮರೆತಿದ್ದೇನೆ.

ನಮ್ಮ ಲ್ಯಾಬಿನಲ್ಲಿ ಸಾಕುತ್ತಿದ್ದದ್ದು ಇದಲ್ಲ. ಅವು ನೀನು ವಾಕ್ಯದ ಕೊನೆಗೆ ಇಡುವ ಚುಕ್ಕಿಗಿಂತ ಚಿಕ್ಕ ಕಣಜಗಳು. ಪತಂಗದ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ, ಅದರಲ್ಲಿ ಕಣಜ ಮೊಟ್ಟೆಯಿಡುವಂತೆ ಮಾಡಿ, ಹೊಲಗಳಿಗೆ ಕಳಿಸುತ್ತಿದ್ದೆವು. ಬೆಳೆ ತಿನ್ನುವ ಹುಳು ಹುಟ್ಟುವ ಮೊದಲೇ ಮುಗಿಯುತ್ತಿತ್ತು. ಮಣ್ಣಿನ ಕಣಜ ನಮ್ಮ ಕಿಟಕಿಯಲ್ಲಿ ಪುಕ್ಕಟೆ ಬಾಡಿಗೆಗೆ ಇತ್ತು. ಅದನ್ನು ಬಿಡುವಿನಲ್ಲಿ ನೋಡಿ ಕಲಿತೆ.

ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು. ವಾಂತಿ ಮಾಡಿದವನಿಗೂ ಹೇಳು. ಅವನೇ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ.

ಇತಿ,
ಅಮ್ಮ

*

ಜುಲೈ 22

ಅಮ್ಮನಿಗೆ,

ಕೊಳವೆ ಮಾಡಿದೆವು. ಹುಳು ಇನ್ನೂ ತಿನ್ನುತ್ತಿದೆ. ನಿನ್ನ ಪತ್ರದ ಕಣಜದ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಫ್ರಿಜ್‌ನ ಮಾತಿಗೆ ಎಲ್ಲರೂ ನಕ್ಕರು. ಒಬ್ಬಳು ಕೇಳಿದಳು, "ಮೇಡಂ, ಕಣಜ ಅಂದ್ರೆ ಧಾನ್ಯ ತುಂಬಿಡೋದಲ್ವಾ?" ಅದೂ ಹೌದು, ಇದೂ ಹೌದು ಅಂದೆ. "ಹಾಗಾದ್ರೆ ಈ ಕಣಜ ಕಟ್ಟಿರೋದೂ ಕಣಜವೇ," ಅಂದಳು. ಹನ್ನೊಂದು ವರ್ಷದಿಂದ ಕನ್ನಡ ಕಲಿಸುವ ನನಗೆ ಅದು ಹೊಳೆದಿರಲಿಲ್ಲ.

ಹೆಡ್ ಮೇಡಂ ಒಮ್ಮೆ ಬಂದು ಹೋದರು. ಯಾರದೋ ಮನೆಯವರು ದೂರು ಕೊಟ್ಟಿದ್ದಾರಂತೆ, ಗೂಡು ಕೆರೆದು ಹಾಕಿಸಿ ಅಂದರು. ಇದು ಸುಮ್ಮಸುಮ್ಮನೆ ಕುಟುಕುವ ಜಾತಿಯಲ್ಲ, ಒಳಗೆ ಐದು ಮರಿಗಳಿವೆ, ಮಕ್ಕಳು ದಿನವೂ ಬರೆದಿಡುತ್ತಿದ್ದಾರೆ ಅಂತೆಲ್ಲ ಹೇಳಿದೆ. ಕೊನೆಗೆ ಆಗಸ್ಟ್ ಮುಗಿಯುವವರೆಗೆ ಬಿಡುತ್ತೇನೆ ಎಂದರು. "ಯಾರಿಗಾದ್ರೂ ಕುಟುಕಿದ್ರೆ ನೀವೇ ಹೊಣೆ," ಎಂದೂ ಸೇರಿಸಿದರು.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಮೊನ್ನೆ ಪಿಟೀಲು ಕೇಳಿದಳು, "ಬಾಗಿಲು ಮುಚ್ಚಿದ್ಮೇಲೆ ಅಮ್ಮ ವಾಪಸ್ ಬಂದು ನೋಡಲ್ವಾ?"

"ಇಲ್ಲ," ಅಂದೆ.

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

ಹಿಂದಿನ ಬೆಂಚಿನಿಂದ ಯಾರೋ, "ಕೆಟ್ಟ ಅಮ್ಮ," ಅಂದರು. ಪಿಟೀಲು ತಿರುಗಿ ಊಟದ ಡಬ್ಬಿಯಿಂದ ಅವನ ಹಣೆಗೆ ಹೊಡೆದಳು. ಇಲ್ಲಿಯವರೆಗೆ ಯಾರ ತಂಟೆಗೂ ಹೋಗದ ಮಗು. ಅವಳ ತಾಯಿ ಎರಡು ವರ್ಷದಿಂದ ದೂರದ ಊರಿನಲ್ಲಿ ಯಾರದೋ ಮನೆಯ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಭಾನುವಾರಕ್ಕೊಮ್ಮೆ ಫೋನ್. ಮಗು ದೊಡ್ಡಮ್ಮನ ಮನೆಯಲ್ಲಿದೆ.

ಹಣೆಗೆ ಔಷಧಿ ಹಚ್ಚಿದೆ, ಇಬ್ಬರ ಕೈಯಿಂದಲೂ ಕ್ಷಮೆ ಕೇಳಿಸಿದೆ, ಪಾಠ ಮುಗಿಸಿದೆ. ಆದರೆ 'ಕೆಟ್ಟ ಅಮ್ಮ' ಎಂಬ ಮಾತಿಗೆ ಉತ್ತರ ಕೊಡಲಿಲ್ಲ. ನನ್ನ ಬಾಯಿಗೆ ಬಂದ ಉತ್ತರ ಆ ಮಗುವಿಗೆ ಹೇಳುವಂಥದ್ದಾಗಿರಲಿಲ್ಲ.

ನೀನಾಗಿದ್ದರೆ ಏನು ಹೇಳುತ್ತಿದ್ದೆ? ಕಣಜದ ಬಗ್ಗೆಯೇ ಕೇಳುತ್ತಿದ್ದೇನೆ.

ಇತಿ,
ಶಿಕ್ಷಕಿ

*

ಆಗಸ್ಟ್ 7

ಮಗಳೇ,

ತಡವಾಯಿತು. ಮೂರು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ತಾಯಿ ಕಣಜವನ್ನು ತ್ಯಾಗಮಯಿ ಮಾಡಿದ್ದೆ. ಓದಿದರೆ ನನಗೇ ನಾಚಿಕೆ ಆಯಿತು. ಎರಡನೆಯದರಲ್ಲಿ ಅದು ಪಾಪದ್ದು, ಗತಿಯಿಲ್ಲದ್ದು ಎಂದಿದ್ದೆ. ಮೂರನೆಯದು ನೆನಪಿಲ್ಲ.

ಮಕ್ಕಳಿಗೆ ಇಷ್ಟು ಹೇಳು. ಕಣಜ ಒಳ್ಳೆಯ ಅಮ್ಮನೂ ಅಲ್ಲ, ಕೆಟ್ಟ ಅಮ್ಮನೂ ಅಲ್ಲ. ಅದಕ್ಕೆ ಇರುವುದು ಒಂದೇ ದಾರಿ. ಹೋಗಲೋ ಇರಲೋ ಎಂದು ಅದು ಕೂತು ಯೋಚಿಸುವುದಿಲ್ಲ. ಮನುಷ್ಯರು ಯೋಚಿಸುತ್ತಾರೆ. ಯೋಚಿಸಿ ಹೋಗುತ್ತಾರೆ, ಯೋಚಿಸಿ ಇರುತ್ತಾರೆ. ಆದ್ದರಿಂದ ಹುಳುವಿನ ಅಮ್ಮನನ್ನೂ ಮನುಷ್ಯರ ಅಮ್ಮನನ್ನೂ ಒಂದೇ ಗಂಟಿಗೆ ಕಟ್ಟಬಾರದು. ಕಟ್ಟಿದರೆ ಹುಳುವಿಗೆ ಅನ್ಯಾಯ, ಬಿಟ್ಟುಹೋದ ಅಮ್ಮನಿಗೆ ಮಾತ್ರ ಅನುಕೂಲ.

ಆ ಮಗುವಿನ ತಾಯಿಯ ವಿಷಯ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಕೇಳುವುದಿದ್ದರೆ ಮಗುವೇ ಅವಳನ್ನು ಕೇಳಲಿ.

ಬೇರೇನೂ ವಿಶೇಷವಿಲ್ಲ. ಕೊಳವೆಯ ಹುಳು ಚೀಲ ನೇಯ್ದಿತೇ?

ಇತಿ,
ಅಮ್ಮ

*

ಆಗಸ್ಟ್ 18

ಕಣಜದ ಅಜ್ಜಿಗೆ ನಮಸ್ಕಾರ.

ನಾನು ಪಿಟೀಲು. ನಮ್ಮ ತರಗತಿಯ ಪರವಾಗಿ ಬರೆಯುತ್ತಿದ್ದೇನೆ. ಮೇಡಂ ಕಾಗುಣಿತ ತಿದ್ದಿದ್ದಾರೆ, ಬೇರೆ ಏನೂ ತಿದ್ದಿಲ್ಲ.

ಗುರುವಾರ ಗಣಿತದ ಹೊತ್ತಿನಲ್ಲಿ ಭೂಪಟದ ಹಿಂದೆ ಕರಕರ ಸದ್ದು ಬಂತು. ಒಂದು ಕೋಣೆಗೆ ತೂತು ಬಿದ್ದು ಒಂದು ಮುಖ ಕಂಡಿತು. ಎಲ್ಲರೂ ಬಾಯಿ ಮುಚ್ಚಿಕೊಂಡು ನೋಡಿದೆವು. ಹೊರಗೆ ಬಂದು ಮೀಸೆ ಒರೆಸಿಕೊಂಡು ಕಿಟಕಿಯಿಂದ ಹೋಯಿತು. ಶುಕ್ರವಾರ ಇನ್ನೊಂದು. ಸೋಮವಾರ ಒಂದರಿಂದ ಹಸಿರು ಹುಳ ಬಂತು. ಬಳೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅದು ಕಣಜದ ಮಗು ಅಲ್ಲ ಅಂತ ಎಲ್ಲರಿಗೂ ಗೊತ್ತಾಯಿತು, ಮೇಡಂಗೂ ಯಾರು ಅಂತ ಗೊತ್ತಾಗಲಿಲ್ಲ. ಅದು ಯಾರು?

ನಾನು ಒಡೆದ ಕೋಣೆಯ ಹುಳ ಚೀಲ ಅರ್ಧ ನೇಯ್ದು ಸತ್ತುಹೋಯಿತು. ಕಪ್ಪಗಾಗಿ ಮೆತ್ತಗಾಯಿತು. ಮೇಡಂ ನಿನ್ನ ತಪ್ಪಲ್ಲ ಅಂದರು. ಆದರೆ ನಾನು ಒಡೆಯದಿದ್ದರೆ ಅದೂ ಹಾರುತ್ತಿತ್ತು. ಹಾಗಾದರೆ ನನ್ನ ತಪ್ಪೇ ಅಲ್ಲವಾ? ನೀವು ಹೇಳಿ.

ನೀವು ಮೇಡಂ ಅವರ ಅಮ್ಮ ಅಂತ ಗೊತ್ತಾಯಿತು. ಮೇಡಂ ಚಿಕ್ಕವರಿದ್ದಾಗ ನೀವು ಅವರಿಗೆ ದಿನವೂ ಕಣಜ ತೋರಿಸುತ್ತಿದ್ದಿರಾ? ನಮಗೂ ಬಂದು ತೋರಿಸಿ. ನಮ್ಮ ತರಗತಿ ಎರಡನೇ ಮಹಡಿಯಲ್ಲಿ, ಎಡಕ್ಕೆ.

ಇತಿ,
ಪಿಟೀಲು ಮತ್ತು ಮೂವತ್ತೊಂದು ಜನ

*

ಆಗಸ್ಟ್ 25

ಪಿಟೀಲು ಮಗುವಿಗೆ,

ಹಸಿರು ಹುಳವೂ ಕಣಜವೇ, ಬೇರೆ ಜಾತಿ. ಅದು ಮನೆ ಕಟ್ಟುವುದಿಲ್ಲ, ಜೇಡ ಹಿಡಿಯುವುದಿಲ್ಲ. ಮಣ್ಣಿನ ಕಣಜದ ಕೋಣೆಗೆ ಹೇಗೋ ಸಂದು ಮಾಡಿಕೊಂಡು ಒಂದು ಮೊಟ್ಟೆ ಇಟ್ಟು ಓಡುತ್ತದೆ. ಅದರ ಮರಿ ಮನೆಯ ಮರಿಯನ್ನೇ ತಿಂದು ಬೆಳೆಯುತ್ತದೆ. ನಿಮ್ಮ ತರಗತಿಯಲ್ಲಿ ಅದನ್ನು ಕಳ್ಳ ಅನ್ನುವವರು ಇರುತ್ತಾರೆ. ಅದಕ್ಕೂ ಹೊಟ್ಟೆ ಇದೆ ಅಂತ ಹೇಳು.

ನೀನು ಕೇಳಿದ್ದಕ್ಕೆ ಬರುತ್ತೇನೆ. ಹೌದು, ಹುಳ ನಿನ್ನ ಕೈಯಿಂದ ಸತ್ತಿತು. ನೀನು ಬೇಕೆಂದು ಸಾಯಿಸಲಿಲ್ಲ, ಉಸಿರು ಸಿಗಲಿ ಅಂತ ಒಡೆದೆ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬೇಡ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಿಟಕಿ ತೆರೆದಿಟ್ಟು ಮನೆಗೆ ಹೋಗಿ, ಒಂದೇ ದಿನದ ಬಿಸಿಲಿಗೆ ನಲವತ್ತು ರಟ್ಟುಗಳಲ್ಲಿದ್ದ ಕಣಜಗಳನ್ನೆಲ್ಲ ಸಾಯಿಸಿದೆ. ನಮ್ಮ ಸಾಹೇಬರು ಬೈಯಲಿಲ್ಲ. ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ ಬರೆದಿಡು ಅಂದರು. ನೀನೂ ಆ ಹುಳುವನ್ನು ನೋಡಿ ಚಿತ್ರ ಬರೆ.

ಮೇಡಂಗೆ ನಾನು ಕಣಜ ತೋರಿಸಲಿಲ್ಲ, ಮಗು. ಅವರು ಅವರ ಅಜ್ಜಿಯ ಮನೆಯಲ್ಲಿ ಬೆಳೆದರು. ನಾನು ಬೇರೆ ಊರಿನಲ್ಲಿದ್ದೆ.

ನನಗೆ ಎರಡನೇ ಮಹಡಿ ಹತ್ತಲು ಆಗುವುದಿಲ್ಲ. ಉಸಿರಿನ ತೊಂದರೆ ಇದೆ. ಕೇಳಿದ್ದಕ್ಕೆ ಸಂತೋಷ.

ಇತಿ,
ಕಣಜದ ಅಜ್ಜಿ

*

ಆಗಸ್ಟ್ 25

(ಅದೇ ಲಕೋಟೆಯಲ್ಲಿ, ಮಡಚಿ ಅಂಟಿಸಿದ ಹಾಳೆ)

ಮಗಳೇ,

ಇದನ್ನು ತರಗತಿಯಲ್ಲಿ ಓದಬೇಡ.

ಒಂದು ಮಗುವಿಗೆ ಎರಡನ್ನೂ ಹೇಳು, ಮುಚ್ಚಿಡಬೇಡ ಎಂದು ಬರೆದ ಕೈಗೆ ನಿನಗೆ ಬರೆಯದೆ ಇರಲು ಆಗಲಿಲ್ಲ.

ನಿನ್ನ ಅಜ್ಜಿ ತೀರಿಕೊಂಡಾಗ ನಾನು ಬರಲಿಲ್ಲ. ಸ್ವಂತ ತಾಯಿಯ ಮುಖ ನೋಡಲೂ ಬರದವಳು ಎಂದು ಫೋನಿನಲ್ಲಿ ನೀನು ಅಂದೆ. ನಾನು ಆಗ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದೆ. ಪತಂಗದ ರೆಕ್ಕೆಯ ಹುಡಿ ವರ್ಷಗಟ್ಟಲೆ ಎದೆಗೆ ಹೋಗಿ ಹೋಗಿ ಹಾಗಾಯಿತು. ನಮ್ಮಲ್ಲಿ ಇನ್ನೂ ಇಬ್ಬರಿಗೆ ಆಗಿದೆ. ಹೇಳಿದರೆ ನೆಪ ಅನ್ನುತ್ತೀಯ ಎಂದು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ನಿನ್ನ ಮುಂದೆ ನಾನು ಒಳ್ಳೆಯವಳಾಗುತ್ತಿದ್ದೆ.

ಇನ್ನೊಂದಿದೆ. ನಿನ್ನಪ್ಪ ತೀರಿಹೋದ ವರ್ಷ ನಿನಗೆ ಐದು. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು, ಕ್ವಾರ್ಟರ್ಸ್ ಸಿಕ್ಕ ಕೂಡಲೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ನೀನು ಪ್ರತಿ ಸಲವೂ "ಮನೆ ಸಿಕ್ತಾ?" ಎಂದು ಕೇಳುತ್ತಿದ್ದೆ. ನಾನು ಇಲ್ಲ ಅನ್ನುತ್ತಿದ್ದೆ. ಮನೆ ಮೂರನೇ ವರ್ಷಕ್ಕೇ ಸಿಕ್ಕಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ನಾನೊಬ್ಬಳೇ ಇದ್ದೆ.

ಯಾಕೆ ಎಂದು ಕೇಳುತ್ತೀಯ. ಅದೇ ವರ್ಷ ನನ್ನನ್ನು ಸಾಕಣೆ ಕೋಣೆಗೆ ಮುಖ್ಯಸ್ಥೆ ಮಾಡಿದ್ದರು. ಬೆಳಿಗ್ಗೆ ಆರಕ್ಕೆ ಹೋದರೆ ಹೊತ್ತು ಮುಳುಗುವವರೆಗೂ ಅಲ್ಲಿಯೇ. ಓದಿದವರು ನನ್ನ ಹತ್ತಿರ ಬಂದು, "ಇದು ಯಾಕೆ ಹೀಗೆ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಅಷ್ಟು ವರ್ಷ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಮುಂದಿನ ವರ್ಷ ಕರೆತರೋಣ ಅಂದುಕೊಂಡೆ. ಆಮೇಲೆ ಅದರ ಮುಂದಿನ ವರ್ಷ. ನನಗೆ ಬೇರೆ ದಾರಿ ಇತ್ತು. ನನಗೆ ಆ ಕೆಲಸ ಇಷ್ಟವಿತ್ತು.

ಇದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ.

ಅಮ್ಮ

*

ಸೆಪ್ಟೆಂಬರ್ 9

ಅಮ್ಮ,

ಹಾಳೆ ಓದಿದೆ. ಓದಿದ ದಿನ ತರಗತಿಗೆ ಮಗ್ಗಿ ಬರೆಯಲು ಕೊಟ್ಟು ಕಿಟಕಿಯ ಹತ್ತಿರ ನಿಂತಿದ್ದೆ. ಎರಡು ದಿನ ಮಗ್ಗಿಯೇ.

ಆಸ್ಪತ್ರೆಯ ವಿಷಯ ಆಗಲೇ ಹೇಳಬೇಕಿತ್ತು. ನಾನು ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆರು ವರ್ಷ ತಡವಾಯಿತು, ಆದರೂ ತೆಗೆದುಕೊಳ್ಳುತ್ತಿದ್ದೇನೆ. ಮನೆಯ ವಿಷಯಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಆ ಎರಡು ಕೋಣೆಗಳ ಅಳತೆ ಎಷ್ಟಿರಬಹುದು, ನನ್ನ ಹಾಸಿಗೆ ಎಲ್ಲಿ ಹಿಡಿಸುತ್ತಿತ್ತು ಎಂದು ಲೆಕ್ಕ ಹಾಕುತ್ತ ಬಸ್ಸಿನಲ್ಲಿ ಇಳಿಯುವ ನಿಲ್ದಾಣ ದಾಟಿ ಹೋದೆ. ಇಷ್ಟು ವಯಸ್ಸಾದ ಮೇಲೆ.

ಮಕ್ಕಳು ನಿನ್ನನ್ನು ಕೇಳುತ್ತಿದ್ದಾರೆ. ನಾನು ಕೇಳುತ್ತಿದ್ದೇನೋ ಇಲ್ಲವೋ ಇನ್ನೂ ತಿಳಿಯುತ್ತಿಲ್ಲ. ಆದರೂ ಹೆಡ್ ಮೇಡಂ ಹತ್ತಿರ ಹೋಗಿ, ಒಂದನೇ ತರಗತಿಯನ್ನು ಹದಿನೆಂಟನೇ ತಾರೀಕು ಒಂದು ದಿನದ ಮಟ್ಟಿಗೆ ಮೇಲಕ್ಕೆ ಕಳಿಸಿ ಎಂದು ಕೇಳಿದೆ. ಅವರು ಹುಬ್ಬು ಗಂಟಿಕ್ಕಿದರು, ಆಮೇಲೆ ಒಪ್ಪಿದರು. ನಾವು ಕೆಳಗಿನ ಕೋಣೆಯಲ್ಲಿ ಇರುತ್ತೇವೆ. ಬೆಂಚುಗಳು ಪುಟ್ಟವು, ನಮ್ಮ ಮಕ್ಕಳ ಮೊಣಕಾಲು ತಗಲುತ್ತದೆ. ತಗಲಲಿ. ಗೇಟಿನಿಂದ ಒಂದು ಮೆಟ್ಟಿಲೂ ಇಲ್ಲ, ನಾನೇ ಎರಡು ಸಲ ನಡೆದು ನೋಡಿದೆ.

ಹತ್ತು ಗಂಟೆಯ ಬಸ್ಸಿಗೆ ಬಾ.

ಇತಿ,
ಮಗಳು

*

ಸೆಪ್ಟೆಂಬರ್ 23

ಅಮ್ಮ,

ಸುಖವಾಗಿ ತಲುಪಿದೆ ಎಂದು ನಿನ್ನ ಕಾರ್ಡು ಬಂತು. ನೀನು ಬಿಟ್ಟುಹೋದ ಮೊಟ್ಟೆ ರಟ್ಟನ್ನು ಮಕ್ಕಳು ಸಾಲುಗಟ್ಟಿ ಭೂತಗನ್ನಡಿಯಲ್ಲಿ ನೋಡುತ್ತಿದ್ದಾರೆ. ವಾಂತಿ ಮಾಡಿದ್ದವನು ಈಗ ಸಾಲಿನ ಮೇಲ್ವಿಚಾರಕ. ಅವನ ಅಪ್ಪಣೆಯಿಲ್ಲದೆ ನಾನೂ ನೋಡುವ ಹಾಗಿಲ್ಲ.

ಆ ದಿನ ನಾವಿಬ್ಬರೂ ಮಾತಾಡಿದ್ದು ಎಲ್ಲ ಸೇರಿ ಹತ್ತು ನಿಮಿಷವೂ ಇಲ್ಲ. ಬಸ್ಸು ಎಷ್ಟಕ್ಕೆ, ನೀರು ಬೇಕಾ, ಔಷಧಿ ತಗೊಂಡೆಯಾ. ನೀನು ಕುರ್ಚಿಯಲ್ಲಿ ಕೂತು ಮೂವತ್ತೆರಡು ಮಕ್ಕಳಿಗೆ ಎರಡು ಗಂಟೆ ಪಾಠ ಮಾಡಿದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಡುವೆ ಉಸಿರು ಸಿಕ್ಕದೆ ನೀನು ನಿಲ್ಲಿಸುತ್ತಿದ್ದೆ, ಒಂದು ಮಗುವೂ ಮಿಸುಕಾಡದೆ ಕಾಯುತ್ತಿತ್ತು. ನನ್ನ ಪಾಠಕ್ಕೆ ಯಾವತ್ತೂ ಅವರು ಹಾಗೆ ಕಾದದ್ದಿಲ್ಲ. ನಾನು ನಿನ್ನ ಕೈ ನೋಡುತ್ತಿದ್ದೆ. ಒಂದೇ ಕೂದಲಿನ ಕುಂಚದಿಂದ ನೀನು ಒಂದು ಕಣಜವನ್ನು ಎತ್ತಿ ಗಾಜಿನ ಮೇಲಿಟ್ಟೆ. ನಿನ್ನ ಕೈಗೆ ಅದೆಲ್ಲ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಗೇಟಿಗೆ ಹೋಗುವಾಗ ಪಿಟೀಲು ನಿನ್ನ ಕೈ ಹಿಡಿದುಕೊಂಡಿದ್ದಳು. ನಾನು ಹಿಂದೆ ಚೀಲ ಹೊತ್ತು ಬರುತ್ತಿದ್ದೆ, ನೀವಿಬ್ಬರೂ ನನ್ನನ್ನು ಮರೆತಿದ್ದಿರಿ. ಅವಳು ಕೇಳಿದ್ದು ನನಗೂ ಕೇಳಿಸಿತು.

"ಅಜ್ಜಿ, ನಿಮಗೆ ಆ ಕೆಲಸ ಇಷ್ಟ ಇತ್ತಾ?"

ನೀನು ನಡೆಯುವುದು ನಿಲ್ಲಿಸಿದೆ. ಉಸಿರಿಗಾಗಿ ನಿಂತೆಯೋ, ಮಾತಿಗಾಗಿ ನಿಂತೆಯೋ. "ತುಂಬಾ ಇಷ್ಟ ಇತ್ತು ಕಣಮ್ಮ," ಅಂದೆ.

ಅವಳು ಅಂದಳಲ್ಲ, "ನಮ್ಮಮ್ಮಂಗೂ ಅಲ್ಲಿ ಇಷ್ಟ ಆಗಿದ್ರೆ ಚೆನ್ನಾಗಿರೋದು. ಫೋನಲ್ಲಿ ಬರೀ ಅಳ್ತಾರೆ."

ಅದೇ ವಯಸ್ಸಿನಲ್ಲಿ ನಾನು ಅಜ್ಜಿಯ ಮನೆಯ ಅಟ್ಟದ ಏಣಿಯ ಮೇಲೆ ಕೂತು, ನೀನು ಅಲ್ಲಿ ಎಲ್ಲೋ ಅಳುತ್ತಿರಬೇಕು ಎಂದು ಆಸೆಪಡುತ್ತಿದ್ದೆ. ನೀನು ಅಳುತ್ತಿದ್ದರೆ ನನಗೆ ಸಮಾಧಾನ. ದೊಡ್ಡವಳಾದ ಮೇಲೂ ಆ ಆಸೆ ಬಿಟ್ಟಿರಲಿಲ್ಲ. ಆ ಮಗು ಒಂದೇ ಮಾತಿನಲ್ಲಿ ತನ್ನ ತಾಯಿಗೆ ಬೇರೆಯದನ್ನೇ ಬಯಸಿತು. ಅವಳಷ್ಟು ದೊಡ್ಡ ಮನಸ್ಸು ನನಗಿದೆ ಎಂದು ಹೇಳುತ್ತಿಲ್ಲ. ಕೋಪ ಇದೆ, ಎರಡು ಕೋಣೆಯ ಮನೆಯ ಕೋಪ ಇನ್ನೂ ಬಹಳ ದಿನ ಇರುತ್ತದೆ. ಮುಚ್ಚಿಡುವುದಿಲ್ಲ.

ಆದರೆ ನಿನಗೆ ಅಲ್ಲಿ ಏನು ಇಷ್ಟವಾಗಿತ್ತು ಎಂದು ನಾನು ಇವತ್ತಿನವರೆಗೆ ಕೇಳೇ ಇಲ್ಲ. ಈಗ ಕೇಳುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆದಾಗ ಆ ಕೋಣೆಯಲ್ಲಿ ಯಾವ ವಾಸನೆ ಇರುತ್ತಿತ್ತು, ಮೊದಲು ಏನು ಮಾಡುತ್ತಿದ್ದೆ, ಯಾರ ಜೊತೆ ನಗುತ್ತಿದ್ದೆ, ಎಲ್ಲ ಬರೆ. ನಿಧಾನವಾಗಿ ಬರೆ, ಉಸಿರು ನೋಡಿಕೊಂಡು. ಇದನ್ನು ತರಗತಿಯಲ್ಲಿ ಓದುವುದಿಲ್ಲ. ಒಬ್ಬಳೇ ಕೂತು ಓದುತ್ತೇನೆ.

ಇತಿ,
ನಿನ್ನ ಮಗಳು